ಮಕ್ಕಳ ಗಂಟುವಾತಕ್ಕೆ ಕರೆಂಟು ಸೂಜಿ: ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ಓದಿದ್ದು ಬಿಎನ್‌ವೈಎಸ್, ಅಂದರೆ ನ್ಯಾಚುರೋಪತಿ. ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್, ನನ್ನ ದಿನನಿತ್ಯದ ಕೆಲಸ. ಹಾಕಿದ ಸೂಜಿಗೆ ಮೆಷಿನಿನಿಂದ ಸಣ್ಣ ಕರೆಂಟು ಕೊಡುವುದಕ್ಕೇ ಕರೆಂಟು ಸೂಜಿ ಅನ್ನುವುದು. ಗಂಟುನೋವಿನ ಮಕ್ಕಳನ್ನು ಕರೆದುಕೊಂಡು ಬರುವವರ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೆಲವು ಎದುರು ಕೂತು ಕೇಳಿದ್ದು, ಕೆಲವು ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪಿನಲ್ಲಿ ಬಂದದ್ದು. ಅವರವರ ಮಾತಿನಲ್ಲೇ ಹಾಕಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಈ ಚಿಕಿತ್ಸೆಯಿಂದಲೇ ಹೊಟ್ಟೆ ಹೊರೆಯುವವಳು, ಆದರೂ ಇದು ಮಗುವಿನ ಆರ್ಥ್ರೈಟಿಸ್ ವಾಸಿ ಮಾಡುತ್ತದೆ ಅಂತ ಕೆಳಗೆ ಎಲ್ಲೂ ಬರೆದಿಲ್ಲ. ನೋವು ತಗ್ಗಿಸಲು ಕೈಜೋಡಿಸಬಹುದು, ಅಷ್ಟೇ.

## ಮೊದಲು ಕಾಯಿಲೆಯ ವಿಷಯ

ಇಷ್ಟು ಸಣ್ಣ ಮಗುವಿಗೂ ಗಂಟುವಾತ ಬರ್ತದಾ? ಅದು ಅಜ್ಜ-ಅಜ್ಜಿಗೆ ಬರುವುದಲ್ವಾ?

ಬರುತ್ತದೆ. ಅಜ್ಜಿಯ ಮೊಣಕಾಲು ನೋಯುವುದು ಹೆಚ್ಚಾಗಿ ಸಂದು ಸವೆದು. ಮಗುವಿನದು ಸವೆತ ಅಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಸಂದಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ, ಅಲ್ಲಿ ಊತ ಬರುತ್ತದೆ, ನೀರು ತುಂಬುತ್ತದೆ. 16 ವರ್ಷ ತುಂಬುವ ಮೊದಲು ಶುರುವಾಗಿ, ಕನಿಷ್ಠ 6 ವಾರ ಉಳಿದು, ಬೇರೆ ಯಾವ ಕಾರಣವೂ ಸಿಗದಿದ್ದರೆ ಅದಕ್ಕೆ ಜುವೆನೈಲ್ ಇಡಿಯೋಪತಿಕ್ ಆರ್ಥ್ರೈಟಿಸ್ ಅನ್ನುತ್ತಾರೆ. ಚೀಟಿಯಲ್ಲಿ ಜೆಐಎ ಅಂತ ಬರೆದಿರುತ್ತಾರೆ. ಇದರಲ್ಲಿ 7 ಬಗೆ. ಕೆಲವರಿಗೆ ನಾಲ್ಕು ಸಂದಿನ ಒಳಗೇ ನಿಲ್ಲುತ್ತದೆ, ಕೆಲವರಿಗೆ ಕೈಬೆರಳುಗಳ ಸಮೇತ ಎಲ್ಲ ಕಡೆ. ಕೆಲವರಿಗೆ ದಿನಾ ಒಂದು ಹೊತ್ತಿಗೆ ಜೋರು ಜ್ವರ ಏರಿ ಮೈಮೇಲೆ ತಿಳಿಗೆಂಪು ದದ್ದು ಬರುತ್ತದೆ. ನಮ್ಮ ದೇಶದಲ್ಲಿ ದೊಡ್ಡ ಹುಡುಗರಿಗೆ ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗ ಹಿಡಿಯುವ ಬಗೆಯೂ ಸಾಕಷ್ಟು ಕಾಣುತ್ತದೆ. ಕ್ರಿಕೆಟ್ ಆಡಿ ಆದದ್ದು ಅಂತ ಸುಮ್ನೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಬರುವವರು ಇವರೇ.

ಮಗುವಿನ ಬಗೆ ಯಾವುದು ಅಂತ ಡಾಕ್ಟರ ಹತ್ತಿರ ಕೇಳಿ, ಪುಸ್ತಕದಲ್ಲಿ ಬರೆಸಿಕೊಳ್ಳಿ. ನನ್ನ ಹತ್ತಿರ ಬಂದಾಗ ನಾನು ಮೊದಲು ಕೇಳುವುದೂ ಅದನ್ನೇ.

ಪಕ್ಕದ ಮನೆಯವರು ಬೆಳೆಯುವ ನೋವು ಅಂತಾರೆ. ಹೇಗೆ ಗೊತ್ತಾಗುವುದು?

ಬೆಳೆಯುವ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ, ಸಂಜೆ ಅಥವಾ ರಾತ್ರಿ. ಅಮ್ಮ ಒತ್ತಿದರೆ ಹಿತ. ಬೆಳಿಗ್ಗೆ ಎದ್ದ ಮಗು ಏನೂ ಆಗದ ಹಾಗೆ ಓಡುತ್ತದೆ. ಆರ್ಥ್ರೈಟಿಸ್ ಇದಕ್ಕೆ ತಿರುಗುಮುರುಗು. ಬೆಳಿಗ್ಗೆಯೇ ಕಷ್ಟ. ಹಾಸಿಗೆಯಿಂದ ಎದ್ದ ಮಗು ಅರ್ಧ ಗಂಟೆ ಕುಂಟುತ್ತದೆ, ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತದೆ, ಚಕ್ಕಳಮಕ್ಕಳ ಹಾಕಲು ಒಪ್ಪುವುದಿಲ್ಲ, ಹತ್ತೂವರೆಗೆ ಎಲ್ಲ ಸರಿ. ಸಣ್ಣವು ನೋವು ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲ, ಎತ್ತಿಕೋ ಅನ್ನುತ್ತವೆ. ಎರಡು ಮೊಣಕಾಲು ಪಕ್ಕಪಕ್ಕ ಇಟ್ಟು ನೋಡಿ. ಚಿಪ್ಪಿನ ಎರಡು ಬದಿಯ ಗುಳಿ ಒಂದು ಕಾಲಿನಲ್ಲಿ ಕಾಣುತ್ತದೆ, ಇನ್ನೊಂದರಲ್ಲಿ ತುಂಬಿಕೊಂಡಿದೆ ಅಂದರೆ ಒಳಗೆ ನೀರಿದೆ.

ಗಂಟು ನೋಯಿಸುವ ಬೇರೆ ಕಾಯಿಲೆಗಳೂ ಇವೆ. ಗಂಟಲು ನೋವಾದ ಎರಡು ಮೂರು ವಾರಕ್ಕೆ ಒಂದು ಸಂದಿನಿಂದ ಇನ್ನೊಂದಕ್ಕೆ ಹಾರುವ ನೋವು ಬಂದರೆ ರುಮ್ಯಾಟಿಕ್ ಜ್ವರ ಇರಬಹುದು, ಅದು ಹೃದಯಕ್ಕೂ ಹೋಗಬಹುದು. ಸಂದಿನ ಕ್ಷಯ ಇದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಮೂಳೆನೋವು, ಜತೆಗೆ ಬಿಳಿಚಿಕೊಳ್ಳುವುದು, ತೂಕ ಇಳಿಯುವುದು ಇದ್ದರೆ ರಕ್ತದ ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಲೇಬೇಕು. ಹಾಗಾಗಿ ಕಾಯಿಲೆ ಇಂಥದ್ದೇ ಅಂತ ಗೊತ್ತಾಗದ ಮಗುವಿಗೆ ನಾನು ಸೂಜಿ ಹಾಕುವುದಿಲ್ಲ.

ಚಿಕುನ್‌ಗುನ್ಯಾದಲ್ಲಿ ನಮಗೂ ಗಂಟು ಹಿಡಿದಿತ್ತು, ತಾನಾಗಿಯೇ ಹೋಯ್ತು. ಇದೂ ಹೋಗ್ತದಲ್ವಾ?

2008ರ ಚಿಕುನ್‌ಗುನ್ಯಾ ನೋಡಿದ ನಮ್ಮ ಜಿಲ್ಲೆಯವರಿಗೆ ಈ ಧೈರ್ಯ ಜಾಸ್ತಿ. ಅದು ವೈರಸ್ಸಿನದು, ತಿಂಗಳುಗಟ್ಟಲೆ ಕಾಡಿದರೂ ಹೆಚ್ಚಿನವರಿಗೆ ಬಿಡುತ್ತದೆ. ಜೆಐಎ ಅನ್ನು ಹಾಗೆ ಕಾಯುತ್ತಾ ಕೂರಲು ಆಗುವುದಿಲ್ಲ. ಬೆಳೆಯುವ ಮೂಳೆ ಅದು. ಊದಿಕೊಂಡ ಮೊಣಕಾಲು ಬೇಗ ಬೆಳೆದು ಆ ಕಾಲೇ ಉದ್ದವಾಗಬಹುದು, ದವಡೆ ಸಂದಿಗೆ ಬಂದರೆ ಗಲ್ಲ ಸಣ್ಣದಾಗಿ ಉಳಿಯಬಹುದು.

ನಂಜಿನ ಪದಾರ್ಥ ಬಿಡಿಸಬೇಕಾ? ಬಂಗುಡೆ, ಬದನೆ, ಹಲಸಿನಕಾಯಿ ಎಲ್ಲ ನಿಲ್ಲಿಸಿದ್ದೇವೆ.

ಪಾಪ ಮಗು. ಬಂಗುಡೆ, ಬೂತಾಯಿ ನಿಲ್ಲಿಸಲು ಕಾರಣವೇ ಇಲ್ಲ, ಎಣ್ಣೆಯಂಶ ಇರುವ ಮೀನು ಮಗುವಿಗೆ ಒಳ್ಳೆಯದೇ. ಕಾಯಿಲೆಯ ಮಗುವಿಗೆ ಹಸಿವು ಮೊದಲೇ ಕಮ್ಮಿ, ಅದರ ಮೇಲೆ ಪಥ್ಯ ಹೇರಿದರೆ ತೂಕ ಇಳಿಯುತ್ತದೆ, ಮೂಳೆ ಸೊರಗುತ್ತದೆ. ಗಂಜಿ, ಮೀನು, ಮೊಟ್ಟೆ, ಹಾಲು, ಸೊಪ್ಪು, ಮನೆಯಲ್ಲಿ ಮಾಡಿದ್ದೆಲ್ಲ ಕೊಡಿ. ಯಾವುದಾದರೂ ಒಂದು ತಿಂದಾಗ ಮೈ ತುರಿಸಿದರೆ ಅದೊಂದನ್ನು ಬಿಡಿ.

## ಸೂಜಿ, ವಯರು, ಮೆಷಿನು

ಎಂತ ಇದು ಕರೆಂಟು ಕೊಡುವುದು? ಶಾಕ್ ಹೊಡೆಯುವುದಿಲ್ವಾ?

ಗೋಡೆಯ ಪ್ಲಗ್ಗಿಗೂ ಮಗುವಿಗೂ ಸಂಬಂಧವೇ ಇಲ್ಲ. ಮೆಷಿನು ಬ್ಯಾಟರಿಯದು, ಊಟದ ಡಬ್ಬಿಯಷ್ಟು ದೊಡ್ಡದು. ಮೊದಲು ಮಾಮೂಲಿ ಅಕ್ಯುಪಂಕ್ಚರ್ ಥರ ಸೂಜಿ ಹಾಕುತ್ತೇನೆ. ಆಮೇಲೆ ಎರಡೆರಡು ಸೂಜಿಗೆ ಒಂದು ಜೋಡಿ ಸಣ್ಣ ಕ್ಲಿಪ್. ಗುಂಡಿ ಸೊನ್ನೆಯಲ್ಲಿರುತ್ತದೆ. ಅದನ್ನು ಚೂರುಚೂರೇ ತಿರುಗಿಸುತ್ತಾ ಹೋದರೆ ಮಗುವಿಗೆ ಒಂದು ಹಂತದಲ್ಲಿ ಒಳಗೆ ಯಾರೋ ಟಕ್ ಟಕ್ ಅಂತ ಬೆರಳಲ್ಲಿ ಬಡಿದ ಹಾಗೆ ಅನ್ನಿಸುತ್ತದೆ, ಸ್ನಾಯು ಸಣ್ಣಗೆ ಕುಣಿಯುತ್ತದೆ. ಅಲ್ಲಿಗೆ ನಿಲ್ಲಿಸುವುದು. ಕರೆಂಟು ಕೆಲವೇ ಮಿಲಿ ಆಂಪಿಯರ್. ನೋವು ಅಂದ ಕೂಡಲೇ ಹಿಂದಕ್ಕೆ ತಿರುಗಿಸುತ್ತೇನೆ. ಸ್ವಲ್ಪ ದೊಡ್ಡ ಮಕ್ಕಳ ಕೈಗೆ ಗುಂಡಿಯನ್ನೇ ಕೊಡುವುದುಂಟು. ಆಗ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಒಂದು ನಿಯಮ ಮಾತ್ರ ತಪ್ಪುವ ಹಾಗಿಲ್ಲ. ಒಂದು ಜೋಡಿಯ ಎರಡು ಸೂಜಿಯೂ ಒಂದೇ ಕೈಯಲ್ಲಿ ಅಥವಾ ಒಂದೇ ಕಾಲಿನಲ್ಲಿ ಇರಬೇಕು. ಎದೆಯನ್ನು ದಾಟಿ ಕರೆಂಟು ಹರಿಯಬಾರದು. ಪೇಸ್‌ಮೇಕರ್ ಇರುವವರಿಗೆ ಕರೆಂಟೇ ಬೇಡ. ಫಿಟ್ಸ್ ಇರುವ ಮಗುವಿಗೂ ನಾನು ಕೊಡುವುದಿಲ್ಲ.

ಅವಳು ಇಂಜೆಕ್ಷನ್ ಕಂಡ್ರೆ ಕಟ್ಟಡವೇ ಹಾರುವ ಹಾಗೆ ಕೂಗ್ತಾಳೆ. ಸೂಜಿ ಹಾಕಿಸಿಕೊಳ್ತಾಳಾ?

ಇಂಜೆಕ್ಷನ್ ಸೂಜಿ ಒಳಗೆ ಟೊಳ್ಳು, ಔಷಧಿ ಹೋಗಬೇಕಲ್ಲ. ಇದು ಗಟ್ಟಿ ತಂತಿ, ಮಕ್ಕಳಿಗೆ ಬಳಸುವುದು 0.16 ರಿಂದ 0.20 ಮಿಲಿಮೀಟರ್ ದಪ್ಪದ್ದು, ಎರಡು ಮೂರು ಕೂದಲು ಸೇರಿದಷ್ಟು ದಪ್ಪ. ಹಾಕುವಾಗ ಸಣ್ಣ ಪ್ಲಾಸ್ಟಿಕ್ ಕೊಳವೆ ಇಟ್ಟು ತಟ್ಟುತ್ತೇವೆ, ಆ ಒತ್ತಡದಲ್ಲಿ ಚುಚ್ಚಿದ್ದು ಅಷ್ಟಾಗಿ ತಿಳಿಯುವುದಿಲ್ಲ.

ಆದರೆ ಬೇಡ ಅಂದರೆ ಬೇಡ. ಅಪ್ಪ ಕಾಲು ಹಿಡಿದು, ಅಜ್ಜಿ ಕೈ ಹಿಡಿದು ನಾನು ಸೂಜಿ ಹಾಕುವುದು ನನ್ನ ಕ್ಲಿನಿಕ್ಕಿನಲ್ಲಿ ಆಗುವ ಕೆಲಸ ಅಲ್ಲ. ವಾರವಾರ ಇಂಜೆಕ್ಷನ್, ಆಗಾಗ ರಕ್ತ ಪರೀಕ್ಷೆ ಅಂತ ಮೊದಲೇ ಚುಚ್ಚಿಸಿಕೊಂಡು ಬೇಸತ್ತ ಮಗು ಅದು. ನೋವು ಕಮ್ಮಿ ಮಾಡಲು ಹೋಗಿ ಹೆದರಿಕೆ ಜಾಸ್ತಿ ಮಾಡಿ ಕಳಿಸಿದರೆ ಏನು ಬಂತು? ಅಂಥವರಿಗೆ ಚರ್ಮದ ಮೇಲೆ ಅಂಟಿಸುವ ಪ್ಯಾಡಿನ ಟೆನ್ಸ್ ಮೆಷಿನು ಇದೆ, ಬರೀ ಬೆರಳಲ್ಲಿ ಒತ್ತುವುದಿದೆ.

ಎಷ್ಟು ವರ್ಷದ ಮೇಲೆ ಮಾಡಬಹುದು?

ಕಾನೂನಿನ ಗಡಿ ಅಂತ ಇಲ್ಲ. ನನ್ನ ಅಂದಾಜಿಗೆ, ಅಲುಗಾಡದೆ ಕೂರಲು ಗೊತ್ತಿರಬೇಕು, ಮತ್ತು ಕರೆಂಟು ಜಾಸ್ತಿ ಆಯ್ತು ಅಂತ ಬಾಯಿಬಿಟ್ಟು ಹೇಳಲು ಬರಬೇಕು. ಸಾಮಾನ್ಯವಾಗಿ ಏಳೆಂಟು ವರ್ಷ.

ನೋವಿರುವುದು ಮೊಣಕಾಲಿಗೆ. ನೀವು ಕಾಲಿನ ಕೆಳಗೆ, ಕೈಗೆಲ್ಲ ಯಾಕೆ ಹಾಕ್ತೀರಿ?

ಊದಿದ ಸಂದಿನ ಒಳಗೆ ಸೂಜಿ ಹೋಗಲೇಬಾರದು, ಅದಕ್ಕೇ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಿನ್ನುವ ಮಗುವಿನ ಸಂದಿಗೆ ಕೀವು ಹತ್ತಿದರೆ ಅದು ದೊಡ್ಡ ಅನಾಹುತ. ಹಾಗಾಗಿ ಸಂದಿನಿಂದ ದೂರದ ಸ್ನಾಯುಗಳಲ್ಲಿರುವ ಬಿಂದುಗಳನ್ನೇ ಆರಿಸುತ್ತೇನೆ. ಮೊಣಕಾಲ ಚಿಪ್ಪಿನ ಕೆಳಗೆ ಮಗುವಿನದೇ ನಾಲ್ಕು ಬೆರಳು ಅಳೆದು, ಮುಂಗಾಲಿನ ಎಲುಬಿಗೆ ತಾಗಿ ಹೊರಬದಿಗೆ ಒಂದು ಬಿಂದು ಇದೆ, ಚೀನೀಯರು ಜು ಸಾನ್ ಲಿ ಅನ್ನುತ್ತಾರೆ. ಇದು ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಅದೇ ಕಾಲಿನ ಇನ್ನೊಂದು ಬಿಂದುವಿಗೆ ಇದರ ಜೋಡಿ. ಸಂದಿಗೆ ಈಚೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಅದರ ಸುತ್ತಮುತ್ತ ಕೆಲವು ವಾರ ಮುಟ್ಟುವುದೇ ಇಲ್ಲ.

ಎಷ್ಟು ಸಿಟ್ಟಿಂಗ್ ಬೇಕು?

ಒಂದೊಂದು ಸಲಕ್ಕೆ ಮಕ್ಕಳಿಗೆ 10 ರಿಂದ 20 ನಿಮಿಷ, ವಾರಕ್ಕೆ ಒಂದೋ ಎರಡೋ. ಆರು ಸಲ ಆದ ಮೇಲೆ ಕೂತು ಲೆಕ್ಕ ನೋಡುತ್ತೇವೆ. ಮನೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮೂರು ವಿಷಯ ಬರೆಯಿರಿ: ಬೆಳಿಗ್ಗೆ ಬಿಗಿತ ಎಷ್ಟು ನಿಮಿಷ, ನೋವು ಹತ್ತರಲ್ಲಿ ಎಷ್ಟು (ಮಗುವೇ ಹೇಳಬೇಕು, ನೀವಲ್ಲ), ರಾತ್ರಿ ನಿದ್ದೆ ಹೇಗೆ. ಆರು ಸಲದಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸಿ. ಇನ್ನು ಹತ್ತು ಮಾಡಿದರೆ ಗುಣ ಕಾಣುತ್ತದೆ ಅಂತ ಯಾರಾದರೂ ಪ್ಯಾಕೇಜ್ ಹೇಳಿ ಮುಂಗಡ ಕೇಳಿದರೆ ಎದ್ದು ಬನ್ನಿ.

## ಆಸ್ಪತ್ರೆಯ ಔಷಧಿಯ ಜತೆ

ಇದು ಶುರು ಮಾಡಿದ ಮೇಲೆ ಆ ಹಳದಿ ಮಾತ್ರೆ ನಿಲ್ಲಿಸಬಹುದಲ್ವಾ? ಕ್ಯಾನ್ಸರಿನ ಔಷಧಿ ಅಂತೆ ಅದು, ಭಯ ಆಗ್ತದೆ.

ನಿಲ್ಲಿಸಬಾರದು. ಈ ಇಡೀ ಪಟ್ಟಿಯಲ್ಲಿ ಒಂದೇ ಉತ್ತರ ಓದಲು ಸಮಯ ಇದ್ದರೆ ಇದನ್ನು ಓದಿ.

ಆ ಹಳದಿ ಮಾತ್ರೆಯ ಹೆಸರು ಮಿಥೊಟ್ರೆಕ್ಸೇಟ್. ಅದನ್ನು ಕ್ಯಾನ್ಸರಿಗೂ ಕೊಡುತ್ತಾರೆ, ನಿಜ. ಅಲ್ಲಿಯ ಡೋಸ್ ಬಹಳ ದೊಡ್ಡದು. ಮಕ್ಕಳ ಗಂಟುವಾತಕ್ಕೆ ಕೊಡುವುದು ವಾರಕ್ಕೆ ಒಂದೇ ದಿನ, ಮೈ ಅಳತೆಗೆ ಲೆಕ್ಕ ಹಾಕಿದ ಸಣ್ಣ ಡೋಸ್. ಅದು ಊತದ ಬುಡಕ್ಕೆ ಕೈ ಹಾಕುತ್ತದೆ, ಮೂಳೆ-ಮೃದ್ವಸ್ಥಿ ಹಾಳಾಗದ ಹಾಗೆ ತಡೆಯುತ್ತದೆ. ನನ್ನ ಸೂಜಿ ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಲ್ಲಿ ಕೆಲಸ ಮಾಡುತ್ತದೆ. ಬೆಂಕಿ ಬಿದ್ದ ಮನೆಯಲ್ಲಿ ಕೂಗುವ ಅಲಾರಂ ಬಂದ್ ಮಾಡಿದ ಹಾಗೆ, ಸದ್ದು ನಿಂತಿತು ಅಂತ ಬೆಂಕಿ ಆರಿದೆ ಅಂತಲ್ಲ. ನೋವು ಕಮ್ಮಿಯಾದ ಮಗುವಿನ ಸಂದಿನ ಒಳಗೆ ಊತ ಹಾಗೇ ಇರಬಹುದು, ಮತ್ತು ನೋವೇ ಇಲ್ಲದ ಕಾರಣ ಯಾರಿಗೂ ಗೊತ್ತಾಗದೆ ಒಳಗೊಳಗೇ ಸಂದು ಕೆಡುತ್ತಾ ಹೋಗಬಹುದು. ಈ ಚಿಕಿತ್ಸೆಯಲ್ಲಿ ನನಗೆ ಸೂಜಿಗಿಂತ, ಕರೆಂಟಿಗಿಂತ ಹೆಚ್ಚು ಭಯ ಇರುವುದು ಇದರದ್ದೇ.

ಇನ್ನೊಂದು ಎಡವಟ್ಟು: ಎರಡು ತಿಂಗಳಾಯ್ತು, ಮಾತ್ರೆಯಿಂದ ಏನೂ ಆಗಲಿಲ್ಲ, ನಿಮ್ಮ ಸೂಜಿಯಿಂದ ಒಂದೇ ವಾರದಲ್ಲಿ ಗುಣ ಕಂಡಿತು ಅನ್ನುತ್ತಾರೆ. ಮಿಥೊಟ್ರೆಕ್ಸೇಟ್ ಕೆಲಸ ಕಾಣಿಸಲು 6 ರಿಂದ 12 ವಾರ ಬೇಕು. ಮರ ನೆಟ್ಟವರು ಬೇರೆ, ಹಣ್ಣಿನ ಹೊತ್ತಿಗೆ ಬಂದವಳು ನಾನು. ಹೊಗಳಿಕೆ ಕೇಳಲು ಚೆಂದ, ಆದರೆ ನನಗೆ ಸಲ್ಲಬೇಕಾದ್ದಲ್ಲ.

ಮತ್ತೆ, ವಾರಕ್ಕೆ ಒಂದೇ ದಿನ. ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಎಷ್ಟೋ ಮನೆಯಲ್ಲಿ ಶನಿವಾರ ರಾತ್ರಿ ಇಟ್ಟುಕೊಳ್ಳುತ್ತಾರೆ, ಭಾನುವಾರ ಶಾಲೆ ಇಲ್ಲವಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಆ ಮಾತ್ರೆಯ ಡಬ್ಬ ಕಂಡ್ರೇ ವಾಂತಿ ಮಾಡ್ತಾನೆ. ಅದಕ್ಕೆ ಏನಾದ್ರೂ ಉಂಟಾ ನಿಮ್ಮಲ್ಲಿ?

ಉಂಟು. ಕೈಲಾಗುತ್ತದೆ ಅಂತ ನಾನು ಸ್ವಲ್ಪ ಧೈರ್ಯದಿಂದ ಹೇಳುವ ಒಂದು ಜಾಗ ಇದು. ಅಂಗೈ ಮೇಲೆ ಮಾಡಿಸಿ. ಮಣಿಗಂಟಿನ ಮಡಿಕೆ ಗೆರೆಯಿಂದ ಮೊಣಕೈ ಕಡೆಗೆ ಮಗುವಿನ ಮೂರು ಬೆರಳು ಅಡ್ಡ ಇಡಿ. ಅಲ್ಲಿ ನಡುವೆ ಎರಡು ನರದ ಹಾಗೆ ಕಾಣುವ ಹುರಿಗಳ ಮಧ್ಯೆ ಇರುವ ಬಿಂದು. ಆಪರೇಷನ್ ಆದ ಮೇಲಿನ ವಾಕರಿಕೆಗೆ, ಕೀಮೋ ವಾಕರಿಕೆಗೆ ಈ ಬಿಂದುವನ್ನು ತುಂಬಾ ಪರೀಕ್ಷಿಸಿದ್ದಾರೆ, ಫಲಿತಾಂಶ ಚೆನ್ನಾಗಿಯೇ ಇದೆ. 1997ರಲ್ಲಿ ಅಮೆರಿಕದ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಅಕ್ಯುಪಂಕ್ಚರಿಗೆ ಒಪ್ಪಿಗೆ ಕೊಟ್ಟ ಮೊದಲ ವಿಷಯಗಳಲ್ಲಿ ಇದೂ ಒಂದು. ಅದು ದೊಡ್ಡ ವಯಸ್ಸಿನವರ ವಿಷಯ, ಮಿಥೊಟ್ರೆಕ್ಸೇಟ್ ತಿನ್ನುವ ಮಕ್ಕಳಲ್ಲಿ ಅಷ್ಟು ಪುರಾವೆ ಇಲ್ಲ. ಆದರೆ ಇದಕ್ಕೆ ಸೂಜಿ ಬೇಡ, ಕರೆಂಟು ಬೇಡ, ಖರ್ಚೂ ಇಲ್ಲ. ಮಾತ್ರೆಗೆ ಅರ್ಧ ಗಂಟೆ ಮೊದಲು ಎರಡು ಕೈಗೂ ಎರಡೆರಡು ನಿಮಿಷ ಒತ್ತಿ.

ಜತೆಗೆ ಡಾಕ್ಟರಿಗೂ ಹೇಳಿ. ಫೋಲಿಕ್ ಆಸಿಡ್ ಸರಿಯಾಗಿ ಕೊಡುತ್ತಿದ್ದೀರಾ ಕೇಳುತ್ತಾರೆ, ವಾಂತಿ ಮಾತ್ರೆ ಬರೆದುಕೊಡುತ್ತಾರೆ, ಬೇಕಾದರೆ ಮಾತ್ರೆಯ ಬದಲು ಚರ್ಮದ ಕೆಳಗೆ ಇಂಜೆಕ್ಷನ್ ಮಾಡುತ್ತಾರೆ.

ಈಗ ನೋವೇ ಇಲ್ಲ. ಮತ್ತೆ ಕಣ್ಣಿನ ಡಾಕ್ಟ್ರ ಹತ್ತಿರ ಯಾಕೆ ಹೋಗಬೇಕು?

ಈ ಕಾಯಿಲೆಯಲ್ಲಿ ಕೆಲವು ಮಕ್ಕಳಿಗೆ ಕಣ್ಣಿನ ಒಳಗೂ ಊತ ಬರುತ್ತದೆ. ಹೆಚ್ಚಾಗಿ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಮಗು ಏನೂ ಹೇಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ದೃಷ್ಟಿ ಹೋಗಿರಬಹುದು. ಕಡಿಮೆ ಸಂದುಗಳ ಬಗೆಯಲ್ಲಿ, ಅದರಲ್ಲೂ ಸಣ್ಣ ವಯಸ್ಸಿನಲ್ಲಿ ಶುರುವಾಗಿ ರಕ್ತದಲ್ಲಿ ಎಎನ್ಎ ಅನ್ನುವ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಇದ್ದರೆ, ಅಪಾಯ ಜಾಸ್ತಿ. ಅವರಿಗೆ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ಪರೀಕ್ಷೆ, ಅಂದರೆ ಕಣ್ಣಿಗೆ ಬೆಳಕು ಬಿಟ್ಟು ಒಳಗೆ ದೊಡ್ಡದು ಮಾಡಿ ನೋಡುವುದು. ಗಂಟು ಪೂರ್ತಿ ಸರಿ ಇದ್ದಾಗಲೂ ಕಣ್ಣಿನ ಊತ ಬರಬಹುದು, ಒಂದಕ್ಕೊಂದು ಲೆಕ್ಕವೇ ಇಲ್ಲ. ಸೂಜಿಯಿಂದ ಕಣ್ಣಿಗೆ ಏನೂ ಆಗುವುದಿಲ್ಲ, ಒಳ್ಳೆಯದೂ ಇಲ್ಲ.

ಯಾವಾಗ ಸೂಜಿ ಹಾಕಬಾರದು?

ಜ್ವರ ಇರುವ ದಿನ ಬೇಡ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್ ತೀರಾ ಇಳಿದಿದ್ದರೆ ಬೇಡ. ಕಜ್ಜಿ, ಗಾಯ ಇರುವ ಚರ್ಮದ ಮೇಲೆ ಬೇಡ. ಮಳೆಗಾಲದಲ್ಲಿ ನಮ್ಮ ಮಕ್ಕಳ ಕಾಲಿನಲ್ಲಿ ಒಂದಲ್ಲ ಒಂದು ಹುಣ್ಣು ಇದ್ದೇ ಇರುತ್ತದೆ, ನೋಡಿಯೇ ಹಾಕಬೇಕು. ದಿನಾ ಜ್ವರ ಏರುವ ಬಗೆಯ ಜೆಐಎ ಹತೋಟಿಗೆ ಬರುವ ತನಕ ನಾನು ಮುಟ್ಟುವುದಿಲ್ಲ.

ಹಾಕಿದ ಜಾಗದಲ್ಲಿ ಹನಿ ರಕ್ತ, ಸಣ್ಣ ನೀಲಿ ಕಲೆ, ಸ್ವಲ್ಪ ತಲೆಸುತ್ತು ಬರುವುದು ಸಾಮಾನ್ಯ. ಹೊಟ್ಟೆ ಖಾಲಿ ಇಟ್ಟುಕೊಂಡು ಕರೆತರಬೇಡಿ. ಆದರೆ ಒಂದೇ ಸಂದು ಕೆಂಪಾಗಿ, ಮುಟ್ಟಿದರೆ ಸುಡುವ ಹಾಗೆ ಬಿಸಿಯಾಗಿ, ಜ್ವರ ಬಂದು ಮಗು ಕಾಲೂರಲು ಒಪ್ಪದಿದ್ದರೆ ನನಗೆ ಫೋನ್ ಮಾಡಿ ಹೊತ್ತು ಕಳೆಯಬೇಡಿ. ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಸಂದಿನಲ್ಲಿ ಕೀವಾಗಿರಬಹುದು.

ಆಟಿ ಅಮಾವಾಸ್ಯೆಗೆ ಪಾಲೆ ಕಷಾಯ ಕುಡಿಸಬಹುದಾ? ಅಜ್ಜಿ ಬಿಡುವುದಿಲ್ಲ.

ಮಿಥೊಟ್ರೆಕ್ಸೇಟ್ ತಿನ್ನುವ ಮಗುವಿನ ಲಿವರ್ ಮೇಲೆ ಮೊದಲೇ ಒಂದು ಕಣ್ಣಿಟ್ಟಿರುತ್ತೇವೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುವುದು. ಅದರ ಮೇಲೆ ಅಷ್ಟು ಕಹಿ ತೊಗಟೆಯ ರಸ ಬೇಡ. ಬೆಳಕು ಹರಿಯುವ ಮೊದಲು ಕತ್ತಲಲ್ಲಿ ಕೆತ್ತಿ ತರುವಾಗ ಮರ ತಪ್ಪಿದರೆ ಇನ್ನೂ ಗಂಡಾಂತರ, ಕಾಸರಕದ ತೊಗಟೆ ವಿಷ. ಅಜ್ಜಿಗೆ ನನ್ನ ಹೆಸರು ಹೇಳಿ ಬೇಕಾದರೆ. ಆಮೇಲಿನ ಮೆಂತೆ ಗಂಜಿ ಮಗು ಧಾರಾಳ ಉಣ್ಣಲಿ.

ಒಬ್ಬರು ಗಂಟುನೋವಿಗೆ ಪುಡಿ ಕೊಡ್ತಾರೆ. ಎರಡೇ ದಿನದಲ್ಲಿ ಮಗು ಓಡಿತು. ಅದು ಒಳ್ಳೆಯದಲ್ವಾ?

ಎರಡೇ ದಿನದಲ್ಲಿ ಓಡಿತು ಅಂದಾಗಲೇ ಅನುಮಾನ ಬರಬೇಕು. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸುವುದು ಹೊಸದಲ್ಲ. ಮುಖ ದುಂಡಗಾಗುವುದು, ಹಸಿವು ವಿಪರೀತ ಆಗುವುದು, ಎತ್ತರ ನಿಂತುಹೋಗುವುದು ಇದರ ಗುರುತು. ಹಾಗಂತ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡುವವರೇ ಜಾಸ್ತಿ.

## ಆಟ, ಕುಣಿತ, ಮಳೆ

ಮಗ ಯಕ್ಷಗಾನ ಕ್ಲಾಸಿಗೆ ಹೋಗ್ತಾನೆ. ಪ್ರದರ್ಶನದ ದಿನ ಬೆಳಿಗ್ಗೆ ಒಂದು ಸಲ ಕರೆಂಟು ಕೊಟ್ಟು ಕಳಿಸ್ತೀರಾ?

ಇಲ್ಲ. ಊದಿದ ಮೊಣಕಾಲಿನ ನೋವು ಅಡಗಿಸಿ ಅದರ ಮೇಲೆಯೇ ಮಂಡಿ ಹಾಕಲು ಕಳಿಸುವ ಕೆಲಸ ಅದು. ಮೊಣಕಾಲೂರಿ ತಿರುಗುವ ಬಡಗಿನ ಮಂಡಿ ಇರಲಿ, ಹಾರಿ ಸುತ್ತುವ ತೆಂಕಿನ ದಿಗಿಣ ಇರಲಿ, ಊತ ಇರುವಾಗ ಎರಡೂ ಬೇಡ.

ಆದರೆ ಕ್ಲಾಸು ಬಿಡಿಸಬೇಡಿ. ಆ ಹುಡುಗನ ಸ್ನೇಹಿತರೆಲ್ಲ ಅಲ್ಲಿದ್ದಾರೆ. ಗುರುಗಳ ಹತ್ತಿರ ಮಾತಾಡಿ. ತಾಳ ಹಾಕಲಿ, ಪದ್ಯ ಕಲಿಯಲಿ, ಮಾತುಗಾರಿಕೆ ಕಲಿಯಲಿ. ಕೂತು ಅರ್ಥ ಹೇಳುವ ತಾಳಮದ್ದಳೆ ನಮ್ಮಲ್ಲೇ ಇದೆಯಲ್ಲ, ಮೊಣಕಾಲು ಬೇಡದ ಕಲೆ. ಊತ ಇಳಿದು ಡಾಕ್ಟರ್ ಒಪ್ಪಿದ ಮೇಲೆ ಮೊದಲು ಸಣ್ಣ ಹೆಜ್ಜೆ, ಆಮೇಲೆ ಉಳಿದದ್ದು. ಕಾಯಿಲೆ ಹತೋಟಿಯಲ್ಲಿರುವ ಮಕ್ಕಳು ಎಲ್ಲ ಆಟ ಆಡಬಹುದು, ಆಡಬೇಕು. ಸುಮ್ನೆ ಕೂರಿಸಿದರೆ ತೊಡೆಯ ಸ್ನಾಯು ಸೊರಗಿ ಮೊಣಕಾಲಿಗೆ ಆಸರೆಯೇ ಇಲ್ಲದ ಹಾಗೆ ಆಗುತ್ತದೆ. ಈಜು ಬಹಳ ಒಳ್ಳೆಯದು, ಕೊಳದಲ್ಲಿ. ಮಳೆಗಾಲದ ಮಲ್ಪೆ ಕಡಲಲ್ಲಿ ಅಲ್ಲ.

ಜೂನ್ ಬಂತು ಅಂದ್ರೆ ಜಾಸ್ತಿ ಆಗ್ತದೆ. ಮಳೆಗಾಲಕ್ಕೆ ಮೊದಲೇ ನಾಲ್ಕು ಸಲ ಮಾಡಿಸಿಡಬಹುದಾ?

ಮೊದಲೇ ಮಾಡಿಸಿಟ್ಟು ಕೂಡಿಡುವ ಚಿಕಿತ್ಸೆ ಅಲ್ಲ ಇದು. ತಂಡಿಗೆ ಬಿಗಿತ ಜಾಸ್ತಿ ಅನ್ನಿಸುತ್ತದೆ, ಹೊರಗೆ ಆಟ ನಿಂತು ಮೈಯೂ ಹಿಡಿದುಕೊಳ್ಳುತ್ತದೆ. ರಾತ್ರಿ ಕಾಲುಚೀಲ, ಬೆಳಿಗ್ಗೆ ಬಿಸಿನೀರ ಸ್ನಾನ, ಹಾಸಿಗೆಯಲ್ಲೇ ಹತ್ತು ಸಲ ಕಾಲು ಮಡಚಿ ಬಿಡಿಸುವುದು. ಹಲವು ಮಕ್ಕಳಿಗೆ ಇಷ್ಟರಲ್ಲೇ ಶಾಲೆಯ ಬಸ್ಸು ಸಿಗುತ್ತದೆ.

## ಸ್ವಲ್ಪ ಆಳದ ಪ್ರಶ್ನೆಗಳು

ಪುರಾವೆ ಉಂಟಾ, ಅಥವಾ ಸುಮ್ನೆ ನಂಬಿಕೆಯಾ?

ಜೆಐಎ ಮಕ್ಕಳ ಮೇಲೆ ಕರೆಂಟು ಸೂಜಿಯ ದೊಡ್ಡ, ಗಟ್ಟಿ ಅಧ್ಯಯನ ಇಲ್ಲ. ದೊಡ್ಡವರ ರುಮಟಾಯ್ಡ್ ಆರ್ಥ್ರೈಟಿಸ್ ಬಗ್ಗೆ 2005ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಬಂತು. ಕರೆಂಟು ಸೂಜಿಯಿಂದ ಮೊಣಕಾಲ ನೋವು 24 ಗಂಟೆಯ ನಂತರವೂ, 4 ತಿಂಗಳ ನಂತರವೂ ಕಡಿಮೆ ಕಂಡಿತ್ತು, ಆದರೆ ಅಧ್ಯಯನ ಬಹಳ ಸಣ್ಣದು, ಗುಣಮಟ್ಟ ಸಾಲದು, ಹಾಗಾಗಿ ಮಾಡಿ ಅಂತ ಹೇಳಲಾರೆವು ಅಂದರು. 2022ರ ಅಮೆರಿಕದ ರುಮಟಾಲಜಿ ಮಾರ್ಗಸೂಚಿ ಅದೇ ಕಾಯಿಲೆಗೆ, ಔಷಧಿಯ ಜತೆಗೆ ಅಕ್ಯುಪಂಕ್ಚರ್ ಮಾಡಬಹುದು ಅಂತ ಷರತ್ತಿನ ಒಪ್ಪಿಗೆ ಕೊಟ್ಟಿತು. ಅದೂ ದೊಡ್ಡವರಿಗೆ.

ಇನ್ನೊಂದು ತೊಡಕಿದೆ. ಸೂಜಿ ಹಾಕಿದ ಹಾಗೆ ನಟಿಸಿದರೂ ಎಷ್ಟೋ ಜನರಿಗೆ ನೋವು ಇಳಿಯುತ್ತದೆ. ಇಪ್ಪತ್ತು ನಿಮಿಷ ಒಬ್ಬರು ಪಕ್ಕದಲ್ಲಿ ಕೂತು ಮಗುವಿನ ನೋವನ್ನೇ ಕೇಳಿಸಿಕೊಂಡರೆ ಅದಕ್ಕೂ ಒಂದು ಗುಣ ಇದೆ. ನನ್ನ ಕ್ಲಿನಿಕ್ಕಿನಲ್ಲಿ ಆಗುವ ಉಪಶಮನದಲ್ಲಿ ಇದರ ಪಾಲು ಎಷ್ಟು ಅಂತ ಬೇರ್ಪಡಿಸಿ ಹೇಳಲು ನನ್ನಿಂದ ಆಗದು.

ಕರೆಂಟು ಸೂಜಿ ಊತವನ್ನೇ ಇಳಿಸ್ತದೆ ಅಂತ ಓದಿದೆ. ವೇಗಸ್ ನರ ಅಂತೆಲ್ಲ ಇತ್ತು.

ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಇಲಿಗಳ ಕಥೆ. 2014ರಲ್ಲಿ ಮೈಯೆಲ್ಲ ಸೋಂಕು ಹರಡಿದ ಇಲಿಗಳ ಕಾಲಿಗೆ ಕರೆಂಟು ಸೂಜಿ ಹಾಕಿದಾಗ ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಮೂಲಕ ಅಡ್ರಿನಲ್ ಗ್ರಂಥಿಯಿಂದ ಡೋಪಮೈನ್ ಅನ್ನುವ ರಾಸಾಯನಿಕ ಬಂದು ಉರಿಯೂತ ಇಳಿಯಿತು. 2021ರಲ್ಲಿ ಹಾರ್ವರ್ಡಿನ ತಂಡ ಇನ್ನೂ ಮುಂದೆ ಹೋಗಿ, ಮೇಲೆ ಹೇಳಿದ ಜು ಸಾನ್ ಲಿ ಜಾಗದಲ್ಲಿ ಯಾವ ನರತಂತುಗಳು ಈ ಕೆಲಸ ಮಾಡುತ್ತವೆ ಅಂತ ಗುರುತಿಸಿತು. ಅದೇ ಸಣ್ಣ ಕರೆಂಟನ್ನು ಹೊಟ್ಟೆಗೆ ಕೊಟ್ಟರೆ ಆ ದಾರಿ ತೆರೆಯಲಿಲ್ಲ. ನನಗೆ ಇದು ಓದಿ ತುಂಬಾ ಖುಷಿಯಾಗಿತ್ತು, ಯಾಕೆಂದರೆ ಬಿಂದು ಎಲ್ಲಿ ಅನ್ನುವುದಕ್ಕೆ ಬೆಲೆ ಇದೆ ಅಂತ ಆಯ್ತು. ಆದರೆ ಬ್ಯಾಕ್ಟೀರಿಯಾದ ವಿಷ ಕೊಟ್ಟ ಇಲಿ ಬೇರೆ, ವರ್ಷಗಟ್ಟಲೆ ಗಂಟುವಾತ ಇರುವ ಮಗು ಬೇರೆ. ಇದನ್ನು ತೋರಿಸಿ ಔಷಧಿ ಬಿಡಿಸುವವರಿಂದ ದೂರ ಇರಿ.

2 ಹರ್ಟ್ಸ್, 100 ಹರ್ಟ್ಸ್ ಅಂದ್ರೇನು? ಯಾವುದು ಒಳ್ಳೆಯದು?

ಒಂದು ಸೆಕೆಂಡಿಗೆ ಎಷ್ಟು ಸಲ ತಟ್ಟುತ್ತದೆ ಅನ್ನುವ ಲೆಕ್ಕ. ಬೀಜಿಂಗಿನ ಹಾನ್ ಜಿಶೆಂಗ್ 1965ರಿಂದ ಇದರ ಮೇಲೆ ಕೆಲಸ ಮಾಡಿದವರು. 2 ಹರ್ಟ್ಸ್‌ಗೆ ಎಂಡಾರ್ಫಿನ್, ಎನ್ಕೆಫಲಿನ್, 100ಕ್ಕೆ ಡೈನಾರ್ಫಿನ್ ಹೊರಬರುತ್ತದೆ ಅಂತ ತೋರಿಸಿದ್ದು ಅವರ ತಂಡ. ಇವೆಲ್ಲ ದೇಹವೇ ತಯಾರಿಸುವ ನೋವುನಿವಾರಕಗಳು. ಎರಡನ್ನೂ ಬದಲಾಯಿಸುತ್ತಾ ಕೊಡುವ ಮೋಡ್ ಮೆಷಿನಿನಲ್ಲಿ ಇರುತ್ತದೆ. ಮಕ್ಕಳಿಗೆ ನಾನು 2ರಲ್ಲೇ ಶುರು ಮಾಡುತ್ತೇನೆ, ಕೆಲವರಿಗೆ ಆ ಕುಣಿತ ತಮಾಷೆ, ಕೆಲವರಿಗೆ ಕಿರಿಕಿರಿ. ಕಿರಿಕಿರಿ ಅಂದವರಿಗೆ 100ರ ಗುಯ್ ಅನ್ನುವುದು ಹಿತ.

ಮನೆಯಲ್ಲೇ ಮಾಡುವ ಮೆಷಿನು ಆನ್‌ಲೈನಿನಲ್ಲಿ ಸಿಗ್ತದೆ. ತರಿಸಿದ್ರೆ?

ಪ್ಯಾಡಿನ ಟೆನ್ಸ್ ಆದರೆ ಫಿಸಿಯೋ ಹತ್ತಿರ ಕಲಿತು ಬಳಸಿ. ಸೂಜಿ ಮನೆಯಲ್ಲಿ ಬೇಡವೇ ಬೇಡ.

ಯಾರ ಹತ್ತಿರ ಮಾಡಿಸಬಹುದು? ಬೋರ್ಡು ಹಾಕಿದವರೆಲ್ಲ ಡಾಕ್ಟ್ರೇ ಅಲ್ವಾ?

ಕೇಂದ್ರ ಆರೋಗ್ಯ ಇಲಾಖೆ 2003ರ ಆದೇಶದಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನವಾಗಿ, ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಪಡೆದವರು ಮಾಡಬಹುದು ಅಂದಿತು. ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡು ತೂಗುಹಾಕಿದವರೂ ಇದ್ದಾರೆ. ನಮ್ಮ ಕಡೆ ಉಜಿರೆ, ಮೂಡುಬಿದಿರೆಯಲ್ಲಿ ಬಿಎನ್‌ವೈಎಸ್ ಕಾಲೇಜುಗಳಿವೆ, ಅಲ್ಲಿ ಇದು ಪಾಠದಲ್ಲೇ ಇದೆ. ನೋಂದಣಿ ಸಂಖ್ಯೆ ಕೇಳಲು ನಾಚಿಕೆ ಬೇಡ.

ಕಣ್ಣಿಟ್ಟು ನೋಡಿ: ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಹರಿಯಬೇಕು. ತೆಗೆದ ಸೂಜಿ ಗಟ್ಟಿ ಡಬ್ಬಿಗೆ ಹೋಗಬೇಕು, ಕಸದ ಬುಟ್ಟಿಗಲ್ಲ. ಹಾಕಿದ್ದೆಷ್ಟು ತೆಗೆದದ್ದೆಷ್ಟು ಎಣಿಸಬೇಕು. ಮಗು ಯಾವ ಔಷಧಿ ತಿನ್ನುತ್ತಿದೆ ಅಂತ ಕೇಳದೆ ಸೂಜಿ ಕೈಗೆತ್ತಿಕೊಂಡವರ ಹತ್ತಿರ ನಾನಾದರೆ ನನ್ನ ಮಗುವನ್ನು ಬಿಡುತ್ತಿರಲಿಲ್ಲ.

ಆಸ್ಪತ್ರೆ ಡಾಕ್ಟ್ರಿಗೆ ಹೇಳಿದ್ರೆ ಬೈತಾರೆ. ಹೇಳದೇ ಮಾಡಿಸಬಹುದಾ?

ನಾನೇ ಅವರಿಗೆ ಒಂದು ಚೀಟಿ ಬರೆದು ಕೊಡುತ್ತೇನೆ: ಎಲ್ಲಿ ಸೂಜಿ, ಎಷ್ಟು ಸಲ, ಯಾವ ಔಷಧಿ ನಿಲ್ಲಿಸಿಲ್ಲ. ಚೀಟಿ ಕಂಡ ಮೇಲೆ ಬೈದವರು ಕಮ್ಮಿ. ಬೇಡ ಅಂದರೆ ಕಾರಣ ಕೇಳಿ, ಅದು ನಿಮ್ಮ ಮಗುವಿನ ರಕ್ತದ ರಿಪೋರ್ಟಿನಲ್ಲೇ ಇರಬಹುದು.

ಡಾಕ್ಟ್ರು ಕಾಯಿಲೆ ಪೂರ್ತಿ ತಣ್ಣಗಾಗಿದೆ ಅಂತಾರೆ. ಸ್ಕ್ಯಾನ್ ಸರಿ, ರಕ್ತ ಸರಿ. ಆದ್ರೂ ನೋವು ಅಂತ ಅಳ್ತಾಳೆ. ನಾಟಕವಾ?

ನಾಟಕ ಅಲ್ಲ. ವರ್ಷಗಟ್ಟಲೆ ನೋವು ಕಂಡ ನರಗಳು ಸಣ್ಣ ಸ್ಪರ್ಶಕ್ಕೂ ದೊಡ್ಡ ಸುದ್ದಿ ಕಳಿಸಲು ಕಲಿತುಬಿಟ್ಟಿರುತ್ತವೆ. ಅಂಗಿ ತಾಗಿದರೂ ನೋವು, ನಿದ್ದೆ ಇಲ್ಲ, ಶಾಲೆ ತಪ್ಪುತ್ತದೆ, ತಪ್ಪಿದಷ್ಟೂ ನೋವು ಜಾಸ್ತಿ. ಇಂಥ ಮಗುವಿಗೆ ಔಷಧಿಯ ಡೋಸ್ ಏರಿಸಿದರೆ ಪ್ರಯೋಜನ ಇಲ್ಲ, ಊತ ತಡೆಯುವ ಹೊಸ ಬಗೆಯ ಬಯಾಲಜಿಕಲ್ ಇಂಜೆಕ್ಷನ್ನೂ ಬೇಕಿಲ್ಲ. ದಿನಾ ಮಿತವಾದ ವ್ಯಾಯಾಮ, ಸರಿಯಾದ ಹೊತ್ತಿಗೆ ನಿದ್ದೆ, ಮನಸ್ಸಿನ ಡಾಕ್ಟರ ಸಹಾಯ, ನಿಧಾನವಾಗಿ ಶಾಲೆಗೆ ವಾಪಸು. ಇವೇ ಮುಖ್ಯ. ಇವುಗಳ ಜತೆಗೆ ಕೆಲವು ವಾರ ಕರೆಂಟು ಸೂಜಿ ಇಟ್ಟುಕೊಳ್ಳುವುದಕ್ಕೆ ನಾನು ಒಪ್ಪುತ್ತೇನೆ. ಊತ ಇಲ್ಲ ಅಂತ ಮೊದಲೇ ಖಾತ್ರಿ ಆಗಿರುವುದರಿಂದ ಇಲ್ಲಿ ನೋವು ಇಳಿಸಿದರೆ ಏನನ್ನೂ ಮುಚ್ಚಿಟ್ಟ ಹಾಗೆ ಆಗುವುದಿಲ್ಲ. ಆದರೆ ಶಾಲೆಗೆ ಹೋಗುವುದು ಸಿಟ್ಟಿಂಗ್ ಮುಗಿದ ಮೇಲೆ ಅಂತ ಇಟ್ಟುಕೊಳ್ಳಬೇಡಿ. ಮೊದಲ ವಾರದಿಂದಲೇ, ಎರಡೇ ಪೀರಿಯಡ್ ಆದರೂ ಸರಿ, ಕಳಿಸಿ.